ಶಾಲೆ ಗೇಟಿನ ಬೆಂಚು

ಮುಂಬೈ ಹತ್ತಿರದ ಡೊಂಬಿವಲಿಯ ಹತ್ತು ವರ್ಷದ ಹುಡುಗ. ಅನೂಪ ಅಂತ ಕರೆಯೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ ಕುಂದಾಪುರ ಕಡೆಯವರು, ಮುಂಬೈ ಫೋರ್ಟ್‌ನ ಒಂದು ಆಫೀಸಿನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. 2025ರ ಜೂನ್‌ನಲ್ಲಿ ಶಾಲೆ ಶುರುವಾದದ್ದೇ ಹುಡುಗನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಕಾಣದೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಊರಲ್ಲಿದ್ದ ಅಜ್ಜಿ ಫೋನಿನಲ್ಲೇ ಹೇಳಿಕೊಟ್ಟು ದೃಷ್ಟಿ ತೆಗೆಸಿದ್ದೂ ಆಗಿತ್ತು.

ಅಮ್ಮ ಒಬ್ಬರೇ ಕರೆದುಕೊಂಡು ಬರುತ್ತಿದ್ದರು. "ಇವರಿಗೆ ಬಿಡುವಿಲ್ಲ ಮೇಡಂ, ಬೆಳಿಗ್ಗೆ ಐದು ಗಂಟೆ ಲೋಕಲ್ ಟ್ರೈನ್‌ಗೆ ಹೋಗ್ತಾರೆ." ನಾನೂ ಹೂಂ ಅಂದೆ. ಮೂರು ಭೇಟಿ ಹಾಗೇ ಕಳೆದವು. ತಪ್ಪು ನನ್ನದು. ನಾನು ಇಲ್ಲಿ ಹುಡುಗನಿಗೆ ನಿಧಾನ ಉಸಿರಾಡುವುದು ಹೇಳಿಕೊಡುತ್ತಿದ್ದೆ, ಅಲ್ಲಿ ಅಮ್ಮ ಶಾಲೆ ಗೇಟಿನ ಬೆಂಚಿನ ಮೇಲೆ ರಿಸೆಸ್ ತನಕ ಕೂತಿರುತ್ತಿದ್ದರು. ರಾತ್ರಿ ಅವನ ಪಕ್ಕದಲ್ಲೇ ಮಲಗುತ್ತಿದ್ದರು. ಭಾನುವಾರ ಅಪ್ಪ "ಇದೆಲ್ಲ ನಾಟಕ" ಎಂದು ಗದರುತ್ತಿದ್ದರು. ಅವರು ಗದರಿದಷ್ಟೂ ಅಮ್ಮ ಬೆಂಚಿನ ಮೇಲೆ ಕೂರುವುದು ಜಾಸ್ತಿಯಾಗುತ್ತಿತ್ತು.

ನಾಲ್ಕನೇ ಸಲ ಅನೂಪ ಬಾಯಿ ಬಿಟ್ಟ. ಜೂನ್ 9ರಂದು ಮುಂಬ್ರಾ ಹತ್ತಿರ ಲೋಕಲ್ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರಲ್ಲ, ಆ ಸುದ್ದಿ ಅವನು ಟಿವಿಯಲ್ಲಿ ನೋಡಿದ್ದ. ಅಪ್ಪ ಹೋಗುವುದೂ ಅದೇ ಲೈನು. ಅಪ್ಪ ಬಿದ್ದರೆ ಫೋನು ಅಮ್ಮನಿಗೆ ಬರುತ್ತದೆ. ಹಾಗಾಗಿ ಅಮ್ಮ ಕಣ್ಣೆದುರೇ ಇರಬೇಕು.

"ಇದನ್ನ ಅಪ್ಪನಿಗೆ ಹೇಳಲಾ?" ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಬೈಯದಿದ್ರೆ ಹೇಳಿ" ಅಂದ. ಮಗುವಿನ ಗುಟ್ಟನ್ನು ಅವನನ್ನು ಕೇಳದೆ ದೊಡ್ಡವರ ಮುಂದೆ ಇಟ್ಟರೆ ಐದನೇ ಸಲ ಅವನು ನನ್ನ ಹತ್ತಿರ ಏನೂ ಹೇಳುವುದಿಲ್ಲ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಮಾತು. ಅದನ್ನು ಮೊದಲ ದಿನವೇ ಅವನಿಗೆ ಹೇಳಿರುತ್ತೇನೆ.

ಆಫೀಸಿಗೆ ರಜೆ ಇದ್ದ ಶನಿವಾರ ಅಪ್ಪ ಬಂದರು. ಕೇಳಿ ಸುಮ್ಮನೆ ಕೂತರು. ಆಮೇಲೆ, "ನಾನು ಹೋಗುವಾಗ ಅವ ಮಲಗಿರ್ತಾನೆ ಅಂದ್ಕೊಂಡಿದ್ದೆ ಮೇಡಂ" ಅಂದರು. ಆಮೇಲೆ ಶುರುವಾಯಿತು ಉತ್ಸಾಹ: ಠಾಣೆಯಿಂದ ಒಂದು ಫೋನ್ ಮಾಡ್ತೇನೆ, ದಾದರ್‌ನಿಂದ ಒಂದು, ಮುಟ್ಟಿದ ಮೇಲೆ ಒಂದು.

ಅದು ಬೇಡ ಅಂದೆ. ಅದೂ ಬೆಂಚೇ. ಪ್ರತಿ ಫೋನಿಗೂ ಭಯ ಅರೆಗಳಿಗೆ ಇಳಿಯುತ್ತದೆ, ಮರುದಿನ ಇನ್ನೊಂದು ಫೋನ್ ಕೇಳುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಸ್ ಮತ್ತು ಸಂಗಡಿಗರು ಆತಂಕ ಇರುವ 124 ಮಕ್ಕಳ ಮೇಲೆ ಮಾಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಮಗುವನ್ನು ಕೂರಿಸಿಕೊಳ್ಳದೆ ತಂದೆತಾಯಿಗೆ ಮಾತ್ರ ಈ ಬೆಂಚು ಬಿಡುವುದನ್ನು, ಅಂದರೆ ಮಗುವಿನ ಭಯಕ್ಕೆ ಮಣಿದು ನಡೆಯುವುದನ್ನು ಬಿಡಲು, ಕಲಿಸಿದರು. ಮಗುವಿಗೇ ನೇರ ಚಿಕಿತ್ಸೆ ಕೊಟ್ಟ ಗುಂಪಿನಷ್ಟೇ ಇಲ್ಲೂ ಗುಣ ಕಂಡಿತು.

ನಾನು ಕೊಟ್ಟ ಸಲಹೆ ಇಷ್ಟು. ಮಲಗುವ ವಿಷಯ ಸದ್ಯಕ್ಕೆ ಹಾಗೇ ಇರಲಿ, ಮೊದಲು ಬೆಂಚೊಂದೇ. ವಾರಕ್ಕೆ ಅರ್ಧ ಗಂಟೆ ಕಡಿಮೆ ಮಾಡಿ, ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ. ಅವನು ಅತ್ತರೆ ಇಬ್ಬರೂ ಒಂದೇ ಮಾತು ಹೇಳಿ: "ನಿಂಗೆ ಭಯ ಆಗ್ತಿದೆ, ಗೊತ್ತು. ನಿನ್ನ ಕೈಲಿ ತಡ್ಕೊಳ್ಳೋಕೆ ಆಗುತ್ತೆ, ಅದೂ ಗೊತ್ತು." ನಾಟಕ ಅನ್ನುವ ಮಾತು ಇನ್ನು ಬೇಡ. ಶನಿವಾರ ಶಾಲೆಗೆ ಅಪ್ಪನೇ ಬಿಡಲಿ. ಒಮ್ಮೆ ಅವನನ್ನು ಲೋಕಲ್‌ನಲ್ಲಿ ಕರೆದುಕೊಂಡು ಹೋಗಿ, ನೀವು ಬಾಗಿಲಿನಿಂದ ದೂರ ಎಲ್ಲಿ ಕೂರುತ್ತೀರಿ ತೋರಿಸಿ. ಊಟ, ನಿದ್ದೆ ಬಿಟ್ಟರೆ ಅಥವಾ ಸಾಯುವ ಮಾತಾಡಿದರೆ ಕಾಯಬೇಡಿ, ಮನೋವೈದ್ಯರನ್ನು ನೋಡೋಣ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಮೊದಲ ವಾರ ಹೊಟ್ಟೆನೋವು ಜೋರಾಯಿತು. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಐದನೇ ವಾರಕ್ಕೆ ಅಮ್ಮ ಗೇಟಿನಲ್ಲೇ ಬಿಟ್ಟು ಬರುತ್ತಿದ್ದರು.

ಗಣಪತಿ ರಜೆ ಮುಗಿದ ಬೆಳಿಗ್ಗೆ ಅವರ ಫೋನ್. "ಮತ್ತೆ ಹೊಟ್ಟೆನೋವು ಅಂತಾನೆ. ಇವತ್ತೊಂದಿನ ಕೂತ್ಕೊಳ್ಳಲಾ?" ಯಜಮಾನರನ್ನು ಕೇಳಿದಿರಾ ಅಂದೆ. ಕೇಳಿದ್ದರಂತೆ. ಬೇಡ ಅಂದರಂತೆ. "ಬೈಲಿಲ್ಲ ಮೇಡಂ, ಸುಮ್ನೆ ಬೇಡ ಅಂದ್ರು."