ಜೂನ್‌ನಲ್ಲಿ ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳು, ಹೈಲ್ಯಾಂಡ್ಸ್ ಬೆಟ್ಟಸೀಮೆ ಎರಡನ್ನೂ ಸೈಕಲ್‌ನಲ್ಲಿ ಸುತ್ತಬೇಕು. ಯಾವ ಸೈಕಲ್ ತಗೊಳ್ಳಲಿ?

"ಮೊದಲು ಹೈಲ್ಯಾಂಡ್ಸ್ ಬೆಟ್ಟ ಮುಗಿಸಿ, ಆಮೇಲೆ ಸಮತಟ್ಟಾದ ದ್ವೀಪಗಳಲ್ಲಿ ಉತ್ತರದಿಂದ ದಕ್ಷಿಣಕ್ಕೆ ಆರಾಮಾಗಿ ಬರ್ತೀನಿ" ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. ಏಳು ವರ್ಷದ ಹಿಂದೆ ನನ್ನ ಡೈರಿಯಲ್ಲೂ ಹೆಚ್ಚುಕಮ್ಮಿ ಇದೇ ಇತ್ತು. ಸೈಕಲ್ ವಿಷಯ ಆಮೇಲೆ. ಮೊದಲು ಆ ಪ್ಲ್ಯಾನ್ ಹರಿದು ಹಾಕಿ.

ಆಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದೆ. ಇನ್ವರ್ನೆಸ್ ತನಕ ರೈಲು, ಅಲ್ಲಿಂದ ಸೈಕಲ್. ಮೂರನೇ ದಿನ 'ಬೇಲಖ್ ನ ಬಾ' ಹತ್ತಿದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಹಾಗಂದರೆ ದನಗಳ ಘಾಟಿ. ಸಮುದ್ರಮಟ್ಟದಿಂದ 626 ಮೀಟರ್ ಏರು, ಕೊನೆಗೆ ನಮ್ಮ ಘಾಟಿಗಳ ಥರವೇ ಹೇರ್‌ಪಿನ್ ತಿರುವುಗಳು. ಎರಡು ಕಡೆ ಇಳಿದು ತಳ್ಳಿದೆ, ಅದರಲ್ಲಿ ನಾಚಿಕೆಯೇನಿಲ್ಲ. ಸಂಜೆ ಆಪಲ್‌ಕ್ರಾಸ್‌ನಲ್ಲಿ ಚಹಾ ಕುಡಿಯುತ್ತಾ, ಕಷ್ಟದ್ದೆಲ್ಲ ಮುಗೀತು ಅಂದುಕೊಂಡೆ. ಆಮೇಲೆ ಅಲ್ಲಾಪೂಲ್ ಬಂದರು, ಫೆರ್ರಿ ಹತ್ತಿ ಲೂಯಿಸ್ ದ್ವೀಪದ ಸ್ಟೋರ್ನೊವೇ, ಆ ದ್ವೀಪದ ಉತ್ತರ ತುದಿಯ ದೀಪಸ್ತಂಭ. ಅಲ್ಲಿ ಫೋಟೋ ತೆಗೆದುಕೊಂಡು ಸೈಕಲ್ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿದೆ.

ಕೆಟ್ಟಿದ್ದು ಅಲ್ಲೇ. ನಾನು ಏರು ಇಳಿತ ಮಾತ್ರ ಲೆಕ್ಕ ಹಾಕಿದ್ದೆ, ಗಾಳಿ ಹಾಕಿರಲಿಲ್ಲ. ಅಲ್ಲಿ ಗಾಳಿ ಹೆಚ್ಚಾಗಿ ಬೀಸೋದು ನೈಋತ್ಯದಿಂದ, ಅಟ್ಲಾಂಟಿಕ್ ಮೇಲಿಂದ. ನಮ್ಮ ಮುಂಗಾರಿನ ದಿಕ್ಕೇ ಅದು, ಹಾಸನದವನಿಗೆ ಅಷ್ಟು ಹೊಳೀಬೇಕಿತ್ತು ಅಲ್ವಾ! ಆ ದ್ವೀಪಗಳಲ್ಲಿ ಮರ ಅಪರೂಪ. ಸಮತಟ್ಟು ಅಂತ ಖುಷಿಪಟ್ಟಿದ್ದೆನಲ್ಲ, ಆ ಸಮತಟ್ಟಿನಲ್ಲಿ ಗಾಳಿಗೆ ಮರೆ ಅನ್ನೋದೇ ಇಲ್ಲ. ಘಾಟಿಯಲ್ಲಾದರೆ ಹತ್ತಿದ್ದಕ್ಕೆ ಇಳಿಜಾರು ಸಿಗುತ್ತದೆ. ಇಲ್ಲಿ ಇಳಿಜಾರಿನಲ್ಲೂ ತುಳಿಯಬೇಕು, ನಿಲ್ಲಿಸಿದರೆ ಸೈಕಲ್ ನಿಂತೇಬಿಡುತ್ತದೆ. ಪಕ್ಕದ ಎರಡು ಬ್ಯಾಗುಗಳೂ ಗಾಳಿಯನ್ನು ಹಿಡಿದುಕೊಂಡು ಹಿಂದಕ್ಕೆ ಎಳೆಯುತ್ತವೆ. ಎರಡು ದಿನದ ದಾರಿಗೆ ನಾಲ್ಕು ದಿನ ಹಿಡಿಯಿತು. ಎದುರಿನಿಂದ ಎಪ್ಪತ್ತು ದಾಟಿದ ಗಂಡ ಹೆಂಡತಿ ಬಂದರು. ಅಜ್ಜನ ಹಳದಿ ರೈನ್‌ಕೋಟು ಬೆನ್ನ ಹಿಂದೆ ಬಲೂನಿನಂತೆ ಉಬ್ಬಿತ್ತು. ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ ಕೈ ಬೀಸಿದರು, ಪಾಪ ಅನ್ನೋ ಥರ.

ತಡವಾಗಿದ್ದಕ್ಕೆ ಇನ್ನೊಂದು ಶಿಕ್ಷೆ: ಲೂಯಿಸ್‌ಗೆ ಅಂಟಿಕೊಂಡೇ ಇರುವ ಹ್ಯಾರಿಸ್‌ನ ಟಾರ್ಬರ್ಟ್ ಊರು ತಲುಪಿದಾಗ ಶನಿವಾರ ರಾತ್ರಿ. ಅಲ್ಲಿನವರು ಭಾನುವಾರವನ್ನು ದೇವರ ದಿನ ಅಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಅಂಗಡಿ ತೆಗೆಯಲ್ಲ. ಇಡೀ ದಿನ ಅವಲಕ್ಕಿ ನೆನೆಸಿ ಚಟ್ನಿಪುಡಿ ಕಲಸಿ ತಿಂದೆ.

ಇನ್ನೂ ದಕ್ಷಿಣದ ನಾರ್ತ್ ಯುಯಿಸ್ಟ್ ದ್ವೀಪದಿಂದ ಬೆನ್‌ಬೆಕ್ಯುಲಾ ದ್ವೀಪಕ್ಕೆ ಸಮುದ್ರದ ನಡುವೆ ಕೆರೆ ಏರಿ ಥರ ರಸ್ತೆ ಕಟ್ಟಿದ್ದಾರೆ. ಅದರ ಬಾಯಲ್ಲಿ 'ನೀರುನಾಯಿ ದಾಟುತ್ತವೆ, ಎಚ್ಚರ' ಅನ್ನೋ ಬೋರ್ಡು. ನನ್ನ ವೇಗ ಗಂಟೆಗೆ 8 ಕಿ.ಮೀ. ನೀರುನಾಯಿಯೇ ನನ್ನನ್ನು ಹಿಂದೆ ಹಾಕುತ್ತಿತ್ತು. ಆ ಬೋರ್ಡಿಗೆ ಸೈಕಲ್ ಒರಗಿಸಿ ಹತ್ತು ನಿಮಿಷ ಕೂತೆ. ಆಮೇಲೆ ನಾರ್ತ್ ಯುಯಿಸ್ಟ್‌ನ ಲಾಖ್‌ಮ್ಯಾಡಿ ಬಂದರಿನ ಕಡೆ ವಾಪಸ್ ತಿರುಗಿದೆ. ಬೆಳಗ್ಗೆ ಮೂರು ಗಂಟೆಗಳ ಕಾಲ ತಿಣುಕಿದ ದಾರಿ ಒಂದು ಗಂಟೆಯಲ್ಲಿ ಮುಗೀತು. ಅದೇ ಸೈಕಲ್, ಅದೇ ಕಾಲು. ಅಲ್ಲಿಂದ ಸ್ಕೈ ದ್ವೀಪಕ್ಕೆ ಫೆರ್ರಿ, ಆಮೇಲೆ ಮನೆ. ದಕ್ಷಿಣದ ಬಾರಾ ದ್ವೀಪದಲ್ಲಿ ಬುಕ್ ಮಾಡಿದ್ದ ರೂಮಿನ ದುಡ್ಡು ಹೋಯಿತು.

ಅದಕ್ಕೇ ಹೇಳ್ತೀನಿ, ಉಲ್ಟಾ ಮಾಡಿ. ಗ್ಲಾಸ್ಗೋದಿಂದ ಓಬನ್ ಬಂದರಿಗೆ ರೈಲು. ಅಲ್ಲಿಂದ ಬಾರಾದ ಕ್ಯಾಸಲ್‌ಬೇಗೆ ಸುಮಾರು ಐದು ಗಂಟೆ ಫೆರ್ರಿ, ಸೈಕಲ್‌ಗೆ ಟಿಕೆಟ್ ಇಲ್ಲ. ಪಕ್ಕದ ವ್ಯಾಟರ್ಸೇ ದ್ವೀಪದಿಂದ ಲೂಯಿಸ್ ತುದಿಗೆ 297 ಕಿ.ಮೀ., ಹತ್ತು ದ್ವೀಪ. ಈ ಸೈಕಲ್ ದಾರಿಯ ಹೆಸರು ಹೆಬ್ರಿಡಿಯನ್ ವೇ, ಉದ್ದಕ್ಕೂ ಅದರ ಬೋರ್ಡುಗಳಿವೆ, ಹೆಚ್ಚಿನವರು ತುಳಿಯೋದೂ ಈ ದಿಕ್ಕಿಗೇ. ಆಮೇಲೆ ಹೈಲ್ಯಾಂಡ್ಸ್. ಅಲ್ಲೂ ದಕ್ಷಿಣಕ್ಕೆ ಬರುವಾಗ ಎದುರುಗಾಳಿ ಇರುತ್ತದೆ, ಸುಳ್ಳು ಹೇಳಲ್ಲ. ಆದರೆ ಬೆಟ್ಟದ ಮರೆ ಇದೆ, ಸಾಕಾದರೆ ರೈಲು ಇದೆ. ದಿನಕ್ಕೆ 100 ಕಿ.ಮೀ. ಅಂದಿದ್ದೀರಿ, 50 ಮಾಡಿಕೊಳ್ಳಿ.

ಇನ್ನು ಸೈಕಲ್ ವಿಷಯ. ಕಾರ್ಬನ್ ಫೈಬರ್‌ನ ದುಬಾರಿ ಸೈಕಲ್ ಬೇಡವೇ ಬೇಡ. ಈಗ ಇರೋದಕ್ಕೇ ಸ್ವಲ್ಪ ಅಗಲದ ಟೈರು, ಹಿಂದೆ ದೊಡ್ಡ ಗೇರ್ ಚಕ್ರ ಹಾಕಿಸಿ. ಉಳಿದ ದುಡ್ಡು ಒಳ್ಳೇ ರೈನ್‌ಕೋಟಿಗೆ. ಮಿಜ್ ಅಂತ ಚಿಕ್ಕ ನೊಣ ಕಚ್ಚುತ್ತದೆ, ಗಾಳಿ ನಿಂತಾಗ ಮಾತ್ರ. ಆ ಗಾಳಿ ನನಗೆ ಮಾಡಿದ ಉಪಕಾರ ಅದೊಂದೇ.

ಬಾರಾದಲ್ಲಿ ವಿಮಾನ ಇಳಿಯೋದು ಸಮುದ್ರತೀರದ ಮರಳಿನ ಮೇಲೆ, ಭರತದ ನೀರು ಇಳಿದಾಗ. ನಾನು ಹೊರಟಿದ್ದೇ ಅದನ್ನು ನೋಡೋಕೆ. ಇನ್ನೂ ನೋಡಿಲ್ಲ. ನಿಮಗೆ ಸಿಕ್ಕರೆ ಒಂದು ಫೋಟೋ ಹಾಕಿ.