ಬೆಳಿಗ್ಗೆ ಎಂಟು ಗಂಟೆಗೆ ಬರುವ ಹೊಟ್ಟೆನೋವು ನಾಟಕವಲ್ಲ

ಒಂಬತ್ತನೇ ತರಗತಿಯ ಮಗ ಮೂರು ವಾರಗಳಿಂದ ಶಾಲೆಗೆ ಹೋಗುತ್ತಿಲ್ಲ, ಬೆಳಗಾದರೆ ಹೊಟ್ಟೆನೋವು, ಹನ್ನೊಂದು ಗಂಟೆಗೆ ತಾನಾಗಿ ಕಡಿಮೆಯಾಗುತ್ತದೆ, ಸ್ಕ್ಯಾನಿಂಗ್‌ನಲ್ಲಿ ಏನೂ ಸಿಕ್ಕಿಲ್ಲ, ಯಜಮಾನರು ನಾಟಕವೆಂದು ಹೊಡೆದ ಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಮೂರು ವರ್ಷಗಳ ಹಿಂದಿನ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂತು. ಎಂಟನೇ ತರಗತಿಯ ಮಗಳು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಾಳೆ. ಹೊರಗೆ ಆಟೋದವರು ಹಾರನ್ ಹೊಡೆಯುತ್ತಿದ್ದಾರೆ. ಮುಖ ಬಿಳಿಚಿಕೊಂಡಿದೆ.

ನೋವು ನಿಜ. ಇದನ್ನು ನೀವಿಬ್ಬರೂ ನಂಬಿದರೆ ಅರ್ಧ ದಾರಿ ಸವೆದಂತೆ. ಹೆದರಿಕೆ ಹೆಚ್ಚಾದಾಗ ಕರುಳಿನ ಸ್ನಾಯುಗಳು ಬಿಗಿಯುತ್ತವೆ, ಹೊಟ್ಟೆ ಹಿಂಡುತ್ತದೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹೆದರಿಕೆ ಕಾಣುವುದಿಲ್ಲ. ಇನ್ನು ಶಾಲೆಯ ಹೊತ್ತು ಮೀರಿತು, ಇವತ್ತು ಹೋಗಬೇಕಾಗಿಲ್ಲ ಎಂದು ಗೊತ್ತಾದ ಕೂಡಲೇ ದೇಹ ಸಡಿಲವಾಗುತ್ತದೆ. ನಿಮ್ಮ ಮಗನ ಹನ್ನೊಂದು ಗಂಟೆಯ ಗುಟ್ಟು ಅದೇ ಇರಬಹುದು. ಆದರೆ ನೋವಿಗೆ ರಾತ್ರಿ ನಿದ್ದೆಯಿಂದ ಏಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಜ್ವರವೋ ಮಲದಲ್ಲಿ ರಕ್ತವೋ ಕಂಡರೆ ಮತ್ತೆ ವೈದ್ಯರ ಬಳಿಗೇ ಹೋಗಿ.

ಯಜಮಾನರನ್ನು ದೂರಲು ನನಗೆ ಮನಸ್ಸಿಲ್ಲ. ನನ್ನ ಗಂಡನೂ ಒಂದು ದಿನ ಮಗಳ ರಟ್ಟೆ ಹಿಡಿದು ಆಟೋಗೆ ಹತ್ತಿಸಿದರು. ಶಾಲೆಯ ಗೇಟಿನಲ್ಲಿ, ಗೆಳತಿಯರ ಎದುರಿಗೇ ಅವಳು ವಾಂತಿ ಮಾಡಿಕೊಂಡಳು. ಮುಂದಿನ ಹತ್ತು ದಿನ ಗೇಟಿನ ಹೆಸರೆತ್ತಿದರೂ ನಡುಗುತ್ತಿದ್ದಳು. ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದರಿಂದ ಅವಳಿಗೆ ಕೆಡುಕೇನೂ ಆಗಲಿಲ್ಲ, ಅಜ್ಜಿಯ ಕೈ ತಲೆಯ ಮೇಲೆ ಬಂತಲ್ಲ. ಬಲವಂತ ಮಾತ್ರ ನಮ್ಮನ್ನು ಹಿಂದಕ್ಕೆ ತಳ್ಳಿತು.

ಹಾಗೆಂದು ಮನೆಯಲ್ಲೇ ಇರಲಿ ಬಿಡಿ ಎಂದೂ ನಾನು ಹೇಳುವುದಿಲ್ಲ, ಏಕೆಂದರೆ ನಾನು ಮಾಡಿದ ತಪ್ಪು ಅದೇ. ಪಾಪ ಎಂದು ಎರಡು ವಾರ ಬಿಟ್ಟೆ. ಮನೆಯಲ್ಲಿ ಉಳಿದ ಒಂದೊಂದು ದಿನವೂ ಮರುದಿನದ ಶಾಲೆಯನ್ನು ಇನ್ನಷ್ಟು ಎತ್ತರದ ಗುಡ್ಡ ಮಾಡುತ್ತದೆ. ಪಾಠ ಹಿಂದುಳಿಯುತ್ತದೆ, ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ಏನು ಹೇಳುವುದೆಂಬ ಹೊಸ ಭಯ ಸೇರುತ್ತದೆ.

ಕಾರಣ ಗೊತ್ತಾಗಿದ್ದು ಅವರೆಕಾಳಿನಿಂದ. ಎದುರು ಕೂರಿಸಿಕೊಂಡು ಕೇಳಿದಾಗಲೆಲ್ಲ "ಏನಿಲ್ಲ" ಎಂದಷ್ಟೇ ಹೇಳುತ್ತಿದ್ದವಳು, ಡಿಸೆಂಬರಿನ ಒಂದು ಸಂಜೆ ನನ್ನ ಪಕ್ಕ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಇಬ್ಬರ ಕಣ್ಣೂ ಬೋಗುಣಿಯ ಮೇಲೆ. ಅರ್ಧ ಸೇರು ಮುಗಿಯುವ ಹೊತ್ತಿಗೆ ತಾನಾಗಿಯೇ ಹೇಳಿದಳು. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಹುಡುಗಿ. ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ವಿಜ್ಞಾನದ ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವಾಗ 'ಫೋಟೋಸಿಂಥೆಸಿಸ್' ನಾಲಿಗೆಯಲ್ಲಿ ಸಿಕ್ಕಿಕೊಂಡಿತು. ತರಗತಿ ನಕ್ಕಿತು. ಅಂದಿನಿಂದ ಅವಳಿಗೆ ಆ ಪದವನ್ನೇ ಅಡ್ಡಹೆಸರು ಮಾಡಿದ್ದರು. ನಾನು ಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವಳೂ ಮಾತು ನಿಲ್ಲಿಸುತ್ತಿದ್ದಳು.

ನಿಮ್ಮ ಮಗನ ಕಾರಣ ಬೇರೆ ಇರಬಹುದು. ಕೀಟಲೆ, ಹೊಡೆಯುವ ಶಿಕ್ಷಕರು, ಅಕ್ಷರಗಳೇ ಕಲಸಿಹೋಗುವ ಕಲಿಕೆಯ ತೊಂದರೆ, ಯಾರಿಂದಲಾದರೂ ಕೆಟ್ಟ ಸ್ಪರ್ಶ, ಮನೆಯೊಳಗಿನದೇ ಒಂದು ಜಗಳ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗಲೋ ಬಟ್ಟೆ ಮಡಚುವಾಗಲೋ ಮಾತಿಗೆ ಜಾಗ ಕೊಡಿ. ಕಲಿಕೆಯ ತೊಂದರೆಯಾಗಿದ್ದರೆ ಈಗಲೇ ತಪಾಸಣೆ ಮಾಡಿಸಿ. ಪ್ರಮಾಣಪತ್ರ ಇರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗಳಿವೆ.

ನಾವು 14416ಕ್ಕೆ ಕರೆ ಮಾಡಿದೆವು. ಇದು ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದೆವು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಚಿಕಿತ್ಸಾಲಯ ನಡೆಯುತ್ತದೆ, ವಿಚಾರಿಸಿ. ಹುಚ್ಚರ ಡಾಕ್ಟರ್ ಎನ್ನುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ನಮ್ಮ ಮಗಳಿಗೆ ಮಾತ್ರೆ ಬೇಕಾಗಲಿಲ್ಲ. ನಿಮ್ಮ ಮಗನಿಗೆ ಬರೆದುಕೊಟ್ಟರೆ ನೀವಾಗಿಯೇ ನಿಲ್ಲಿಸಬೇಡಿ.

ಅಲ್ಲಿ ಹೇಳಿಕೊಟ್ಟಂತೆ ಸ್ವಲ್ಪಸ್ವಲ್ಪವಾಗಿ ವಾಪಸ್ ಕಳಿಸಿದೆವು. ಮೊದಲ ಎರಡು ದಿನ ಸಮವಸ್ತ್ರ ಹಾಕಿಕೊಂಡು ಗೇಟಿನವರೆಗೆ ಹೋಗಿ ಬಂದದ್ದು ಅಷ್ಟೇ. ಆಮೇಲೆ ಒಂದು ಗಂಟೆ ಗ್ರಂಥಾಲಯದಲ್ಲಿ, ಆಮೇಲೆ ಅವಳಿಗೆ ಇಷ್ಟವಾದ ಗಣಿತದ ಒಂದು ಪಿರಿಯಡ್, ಆಮೇಲೆ ಮಧ್ಯಾಹ್ನದ ಊಟದವರೆಗೆ. ಒಂದು ತಿಂಗಳು ಗಟ್ಟಿಯಾಗಿ ಓದಿಸಬಾರದೆಂದು ತರಗತಿ ಶಿಕ್ಷಕಿಯನ್ನು ಕೇಳಿಕೊಂಡೆ, ಅಡ್ಡಹೆಸರಿನ ವಿಷಯವನ್ನೂ ತಿಳಿಸಿದೆ. ಮನೆಯಲ್ಲಿದ್ದ ಹೊತ್ತಿನಲ್ಲಿ ಟಿವಿ, ಮೊಬೈಲ್ ಇಲ್ಲ. ಬೈಗುಳವೂ ಇಲ್ಲ. ಬೆಳಿಗ್ಗೆ ನನ್ನ ಮಾತು ಮೂರೇ: "ನೋಯುತ್ತಿದೆ ಎಂದು ಗೊತ್ತು. ಬಿಸಿನೀರು ಕುಡಿ. ಎಂಟೂವರೆಗೆ ಹೊರಡೋಣ." ಸಂಕ್ರಾಂತಿಯ ಮರುದಿನ ಮತ್ತೆ ಒಂದು ವಾರ ಕೆಟ್ಟಿತು. ರಜೆಯ ನಂತರ ಹಾಗಾಗುತ್ತದೆ, ಎದೆಗುಂದಬೇಡಿ. ಪೂರ್ತಿ ದಿನ ಕುಳಿತುಕೊಳ್ಳಲು ಏಳು ವಾರ ಬೇಕಾಯಿತು.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಅವನು ಬದುಕುವುದೇ ಬೇಡ ಎಂದರೆ, ಕೈ ಕುಯ್ದುಕೊಂಡ ಗುರುತು ಕಂಡರೆ, ಅನ್ನ ನಿದ್ದೆ ಬಿಟ್ಟರೆ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಗಿಲಿನ ಒಳಚಿಲಕವನ್ನು ಈಗಲೇ ತೆಗೆಸಿಬಿಡಿ, ಏಕೆ ತೆಗೆಸುತ್ತಿದ್ದೀರೆಂದು ಅವನಿಗೇ ಹೇಳಿ.

ಮಗಳು ಈಗ ಮೊದಲ ಪಿಯುಸಿ. ಪರೀಕ್ಷೆಯ ಹಿಂದಿನ ರಾತ್ರಿ ಈಗಲೂ ಹೊಟ್ಟೆ ಹಿಡಿದುಕೊಳ್ಳುತ್ತಾಳೆ, ಬಿಸಿನೀರು ತಾನೇ ಕಾಯಿಸಿಕೊಳ್ಳುತ್ತಾಳೆ.

ಸೋಮವಾರ ಗೇಟಿನವರೆಗೆ ಹೋಗಿ ನೋಡಿ, ಏನಾಯಿತೆಂದು ಇಲ್ಲೇ ಬರೆಯಿರಿ. ಗೇಟಿನಿಂದ ವಾಪಸ್ ಬಂದಿದ್ದರೂ ಬರೆಯಿರಿ, ನಾನು ಓದುತ್ತೇನೆ.