ಎರಡನೆಯ ಕುರ್ಚಿಯಿಂದ ಒಂದು ಉತ್ತರ

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಲೈಪ್‌ಜಿಗ್‌ಗೆ ನೀನು ಬಂದು ಆರು ವಾರವಾಗಿದೆ, ಸಂಗೀತ ವಿದ್ಯಾಲಯದ ಪ್ರವೇಶ ಪರೀಕ್ಷೆಗೆ ತಯಾರಿ ನಡೆದಿದೆ. ಇಲ್ಲಿ ಸಿಕ್ಕ ಮೊದಲ ಗುರುಗಳೇ ‘ಈ ಕ್ಲಾರಿನೆಟ್ ಹಿಡಿದುಕೊಂಡು ಜರ್ಮನಿಯಲ್ಲಿ ಕೆಲಸ ಸಿಗುವುದು ಕಷ್ಟ’ ಎಂದರು. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿದ್ದ ನಿನ್ನ ಅಪ್ಪ ತಮ್ಮ ಉಳಿತಾಯದಿಂದ ಕೊಡಿಸಿದ ವಾದ್ಯ ಅದು. ಅದನ್ನು ಮಾರಲೇ, ಇಲ್ಲ ನಾನೇ ಊರಿಗೆ ಮರಳಲೇ ಎಂದು ಕೇಳಿದ್ದೀಯೆ.

ನಾನು ಜರ್ಮನಿಯ ಥುರಿಂಗಿಯಾ ರಾಜ್ಯದ ಒಂದು ಒಪೆರಾ ಮಂದಿರದ ವಾದ್ಯವೃಂದದಲ್ಲಿ ಎರಡನೆಯ ಕ್ಲಾರಿನೆಟ್ ನುಡಿಸಲು ಕುಳಿತು ಹತ್ತೊಂಬತ್ತು ವರ್ಷಗಳಾದವು. ನಾನೂ ಮೈಸೂರಿನಿಂದ ಬಂದವನೇ, ನಿನ್ನಂಥದ್ದೇ ವಾದ್ಯ ಹೊತ್ತು ಬಂದವನು. ಆದ್ದರಿಂದ ಮೊದಲು ವಾದ್ಯದ ವಿಷಯ.

ನಿನ್ನ ಗುರುಗಳು ಹೇಳಿದ್ದು ನಿಜ. ನಿನ್ನದು ಬೋಮ್ ಎಂಬ ಕೀಲಿ ಪದ್ಧತಿಯ ಕ್ಲಾರಿನೆಟ್. ಫ್ರಾನ್ಸ್, ಬ್ರಿಟನ್, ಅಮೆರಿಕ, ನಮ್ಮ ದೇಶ, ಎಲ್ಲೆಡೆ ಅದೇ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಬೇರೆ ದಾರಿ. ಬರ್ಲಿನ್ನಿನ ಓಸ್ಕರ್ ಓಲರ್ ರೂಪಿಸಿದ ಕೀಲಿಗಳ ವ್ಯವಸ್ಥೆ ಇಲ್ಲಿನದು. ರಂಧ್ರದ ಅಳತೆ, ಮೌತ್‌ಪೀಸ್, ಬೆರಳಿನ ನಡೆ ಎಲ್ಲವೂ ಬೇರೆ. ಹಳೆಯ ಕ್ರಮದವರು ರೀಡನ್ನು, ಅಂದರೆ ಊದಿದಾಗ ಕಂಪಿಸುವ ಜೊಂಡಿನ ತೆಳು ಸೀಳನ್ನು, ಲೋಹದ ಪಟ್ಟಿಯಿಂದ ಬಿಗಿಯದೆ ದಾರದಿಂದ ಸುತ್ತಿ ಕಟ್ಟುತ್ತಾರೆ. ಕೆಲಸದ ಪ್ರಕಟಣೆಯಲ್ಲೇ ‘ಜರ್ಮನ್ ಪದ್ಧತಿ’ ಎಂದು ಬರೆದಿರುವ ವಾದ್ಯವೃಂದಗಳು ಬಹಳ. ಇದು ನಿನ್ನ ಯೋಗ್ಯತೆಯ ಮೇಲಿನ ತೀರ್ಪು ಅಲ್ಲವೇ ಅಲ್ಲ. ಪಕ್ಕದವನ ನಾದಕ್ಕೆ ನಿನ್ನ ನಾದ ಸೇರಬೇಕು ಎಂಬ ಹಠ ಅದು, ಆ ಹಠವನ್ನು ನಾನು ಈಗ ಗೌರವಿಸುತ್ತೇನೆ.

ಬೆರಳು ತಿದ್ದಿಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು. ಮೊದಲ ಮೂರು ತಿಂಗಳು ಚಿಕ್ಕ ಮಗುವಿನ ಹಾಗೆ ಸ್ವರಾವಳಿ ನುಡಿಸಿದೆ, ಪ್ರತಿ ದಿನ ಅಳು ಬರುತ್ತಿತ್ತು. ಬಿ ಫ್ಲ್ಯಾಟ್ ಮತ್ತು ಎ, ಈ ಎರಡು ಶ್ರುತಿಯ ಕ್ಲಾರಿನೆಟ್‌ಗಳೂ ಬೇಕು. ಒಳ್ಳೆಯ ಜೋಡಿಯ ಬೆಲೆ ಹತ್ತು ಸಾವಿರ ಯೂರೋ ದಾಟುತ್ತದೆ. ಈಗಲೇ ಕೊಳ್ಳಬೇಡ. ಪ್ರವೇಶ ಸಿಕ್ಕರೆ ವಿದ್ಯಾಲಯದಿಂದ ಎರವಲು ಸಿಗುತ್ತದೆಯೇ ಎಂದು ಕೇಳು. ನೆದರ್‌ಲ್ಯಾಂಡ್ಸ್, ಫ್ರಾನ್ಸ್ ಕಡೆಗೆ ಹೋಗುವ ಮನಸ್ಸಿದ್ದರೆ ಇದೇ ವಾದ್ಯದಲ್ಲಿ ಮುಂದುವರಿಯಬಹುದು. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟು ವರ್ಷ ಕಳೆಯಬೇಡ. ಈ ಚಳಿಗಾಲ ಮುಗಿಯುವುದರೊಳಗೆ ನಿರ್ಧರಿಸು.

ಚಳಿಗಾಲ ಎಂದೊಡನೆ ನೆನಪಾಯಿತು. ಕ್ಲಾರಿನೆಟ್ಟಿನ ಕಪ್ಪು ಮರ ಆಫ್ರಿಕಾದ್ದು, ನಮ್ಮ ಬೀಟೆಯ ಬಳಗಕ್ಕೇ ಸೇರಿದ್ದು. ಹೀಟರ್ ಉರಿಯುವ ಕೋಣೆಯ ಒಣ ಗಾಳಿ ಅದಕ್ಕೆ ಆಗದು. ನನ್ನ ಮೊದಲ ಡಿಸೆಂಬರ್‌ನಲ್ಲಿ ಹೊರಗಿನ ಚಳಿಯಿಂದ ಬಂದವನೇ ನುಡಿಸತೊಡಗಿದೆ. ಮೇಲಿನ ತುಂಡು ಉದ್ದಕ್ಕೆ ಸೀಳಿತು. ಪೆಟ್ಟಿಗೆಯೊಳಗೆ ತೇವ ಕಾಯುವ ಪೊಟ್ಟಣ ಇಡು. ಹೊರಗಿನಿಂದ ಬಂದಾಗ ವಾದ್ಯ ತಾನಾಗಿ ಬೆಚ್ಚಗಾಗಲಿ, ಆಮೇಲೆ ಊದು.

ಇನ್ನು ಕೆಲಸ. 1992ರಲ್ಲಿ ಜರ್ಮನಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ 168 ವಾದ್ಯವೃಂದಗಳಿದ್ದವು. ದೇಶ ಒಂದಾದ ಮೇಲೆ ಪೂರ್ವದಲ್ಲಿ ಹಲವು ಮುಚ್ಚಿದವು, ಹಲವು ಒಂದರಲ್ಲೊಂದು ಸೇರಿದವು. ಈಗ 130ರ ಆಸುಪಾಸು. ಒಂದೊಂದರಲ್ಲೂ ಕ್ಲಾರಿನೆಟ್ ಕುರ್ಚಿಗಳು ಕೈಬೆರಳಲ್ಲಿ ಎಣಿಸುವಷ್ಟೇ. ಕುರ್ಚಿ ಖಾಲಿಯಾದಾಗ ನಡೆಯುವ ಪರೀಕ್ಷೆಯನ್ನು ಪ್ರೋಬೆಷ್ಪೀಲ್ ಎನ್ನುತ್ತಾರೆ. ಮೊದಲ ಸುತ್ತು ಬಹುಮಟ್ಟಿಗೆ ಪರದೆಯ ಹಿಂದೆ. ಮೊಸಾರ್ಟನ ಕ್ಲಾರಿನೆಟ್ ಕಾನ್ಸರ್ಟೋದ ಆರಂಭದ ಕೆಲವು ನಿಮಿಷ, ಅಷ್ಟರಲ್ಲೇ ಅನೇಕರ ದಿನ ಮುಗಿಯುತ್ತದೆ. ಉಳಿದವರಿಗೆ ಬೀಥೋವನನ ಆರನೆಯ ಸಿಂಫನಿ, ಮೆಂಡೆಲ್‌ಸೋನನ ಸ್ಕೆರ್ಟ್ಸೋ, ಇಂಥ ತುಣುಕುಗಳು. ನಾನು ಹದಿನಾಲ್ಕು ಊರುಗಳಲ್ಲಿ ನುಡಿಸಿದೆ. ಎರಡು ಕಡೆ ಕೊನೆಯ ಸುತ್ತಿಗೆ ಬಂದೆ, ಎರಡೂ ಕಡೆ ಯಾರನ್ನೂ ಆರಿಸದೆ ಎಲ್ಲರನ್ನೂ ಮನೆಗೆ ಕಳಿಸಿದರು. ಹಾಗೂ ಆಗುತ್ತದೆ.

ಗೆದ್ದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಪರೀಕ್ಷಾ ಅವಧಿ. ಕೊನೆಗೆ ಸಹವಾದಕರೇ ಮತ ಹಾಕುತ್ತಾರೆ. 1980ರ ದಶಕದ ಆರಂಭದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ಅದರ ನಿರ್ದೇಶಕ ಕಾರಾಯಾನ್ ಆರಿಸಿದ ಕ್ಲಾರಿನೆಟ್ ವಾದಕಿ ಸಬಿನೆ ಮೇಯರ್ ವಿರುದ್ಧ 73 ಮತ ಬಿದ್ದವು, ಪರವಾಗಿ ನಾಲ್ಕೇ. ಅವರ ನಾದ ಗುಂಪಿನೊಳಗೆ ಬೆರೆಯುವುದಿಲ್ಲ ಎಂದು ವಾದ್ಯವೃಂದ ಕಾರಣ ಕೊಟ್ಟಿತು. ಹೆಣ್ಣು ಎಂಬುದೇ ಕಾರಣ ಎಂದು ನಂಬುವವರು ಇಂದಿಗೂ ಇದ್ದಾರೆ, ನಾನೂ ಅವರಲ್ಲೊಬ್ಬ. ಮೇಯರ್ 1984ರಲ್ಲಿ ಅಲ್ಲಿಂದ ಹೊರಬಂದು ಜಗತ್ತೇ ಕೇಳುವ ಏಕವಾದಕಿಯಾದರು. ಆದರೂ ‘ಬೆರೆಯುವುದು’ ಎಂಬ ಆ ಮಾತು ಇಲ್ಲಿ ಎಷ್ಟು ಭಾರದ್ದೆಂದು ನಿನಗೆ ತಿಳಿದಿರಬೇಕು.

ಚೈಕೋವ್‌ಸ್ಕಿಯ ಐದನೆಯ ಸಿಂಫನಿಯ ಆರಂಭ ಕೇಳಿದ್ದೀಯಾ? ಎರಡು ಕ್ಲಾರಿನೆಟ್‌ಗಳು ಮಂದ್ರದಲ್ಲಿ ಒಂದೇ ಸಾಲನ್ನು ಒಟ್ಟಿಗೆ ನುಡಿಸುತ್ತವೆ. ನನ್ನ ಪರೀಕ್ಷಾ ವರ್ಷದಲ್ಲಿ ಅದು ಬಂತು. ಮೊದಲ ಕುರ್ಚಿಯ ಹಿರಿಯರು ಉಸಿರು ಎಳೆದುಕೊಂಡದ್ದನ್ನು ಭುಜದಿಂದಲೇ ತಿಳಿದು ನಾನೂ ಉಸಿರೆಳೆದೆ. ಎಲ್ಲಿಯೂ ನನ್ನ ದನಿ ಬೇರೆಯಾಗಿ ಕೇಳಬಾರದು, ನಾನು ನಿಲ್ಲಿಸಿದರೆ ಮಾತ್ರ ಕೊರತೆ ಕಾಣಬೇಕು. ಮುಗಿದ ಮೇಲೆ ಅವರು ಏನೂ ಹೇಳಲಿಲ್ಲ, ಮರುದಿನ ತಾವು ಕೆತ್ತಿ ಸರಿಪಡಿಸಿದ ಒಂದು ರೀಡ್ ತಂದುಕೊಟ್ಟರು. ಊರಿನಲ್ಲಿ ನಾವು ಕಲಿತದ್ದು ನಮ್ಮ ದನಿ ಎದ್ದು ಕೇಳುವಂತೆ ಊದುವುದನ್ನು. ದಸರಾ ಮೆರವಣಿಗೆಯಲ್ಲಿ ಅದಿಲ್ಲದಿದ್ದರೆ ನಡೆಯದು. ಇಲ್ಲಿ ಇನ್ನೊಬ್ಬರ ದನಿಯೊಳಗೆ ಕುಳಿತುಕೊಳ್ಳುವುದನ್ನು ಕಲಿಯಬೇಕು. ಈಗಿನಿಂದಲೇ ಯಾರಾದರೊಬ್ಬರ ಜೊತೆ ವಾರಕ್ಕೆ ಎರಡು ದಿನ ಯುಗಳವಾದನ ಮಾಡು.

ಭಾಷೆಯನ್ನು ಮುಂದೂಡಬೇಡ. ತಾಲೀಮು ಜರ್ಮನ್‌ನಲ್ಲಿ. ಇಲ್ಲಿ ‘ಬೆ’ ಎಂದರೆ ನಮ್ಮ ಬಿ ಫ್ಲ್ಯಾಟ್, ‘ಹಾ’ ಎಂದರೆ ಬಿ. ಕಿವಿ ಅಷ್ಟಕ್ಕೇ ತಡವರಿಸಿದರೆ ಸಂಗೀತ ಮುಂದೆ ಹೋಗಿರುತ್ತದೆ. ಮನೆಯಲ್ಲಿ ರಾತ್ರಿ ಹತ್ತರ ನಂತರ ಮತ್ತು ಭಾನುವಾರ ಅಭ್ಯಾಸ ಮಾಡುವ ಮುನ್ನ ಬಾಡಿಗೆ ಪತ್ರ ಓದು.

ಅಪ್ಪನಿಗೆ ಏನು ಹೇಳಲಿ ಎಂದು ಕೇಳಿದ್ದೀಯೆ. ಕೆಲಸ ಸಿಕ್ಕರೆ ಸಂಬಳ, ವಿಮೆ, ಪಿಂಚಣಿ ಒಪ್ಪಂದದ ಪ್ರಕಾರ ಸಿಗುತ್ತವೆ. ಸಂಜೆಗಳು, ಹಬ್ಬಗಳು ಸಿಗುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ನಾನು ದಸರಾಗೆ ಬಂದದ್ದು ಎರಡೇ ಸಲ. ಮೂರು ವರ್ಷ ಎಂದು ಗಡುವು ಹೇಳು, ಅವರ ಮುಂದೆಯೇ ಹೇಳು.

ವಾದ್ಯವನ್ನು ಮಾರಬೇಡ. ಮುಂದಿನ ತಿಂಗಳ ಮೊದಲ ಶನಿವಾರ ನನಗೆ ಬಿಡುವಿದೆ, ಮೈನಿಂಗನ್‌ಗೆ ಹೋಗೋಣ. ಸಂಗೀತ ರಚನಕಾರ ಬ್ರಾಮ್ಸ್ ತನ್ನ ಕ್ಲಾರಿನೆಟ್ ಕ್ವಿಂಟೆಟ್ಟನ್ನು 1891ರಲ್ಲಿ ಬರೆದದ್ದು ಅಲ್ಲಿನ ಆಸ್ಥಾನ ವಾದ್ಯವೃಂದದ ಕ್ಲಾರಿನೆಟ್ ವಾದಕ ಮ್ಯೂಲ್‌ಫೆಲ್ಡ್‌ಗಾಗಿ. ಆತ ಆ ವಾದ್ಯವೃಂದಕ್ಕೆ ಸೇರಿದ್ದು ಪಿಟೀಲುವಾದಕನಾಗಿ, ಕ್ಲಾರಿನೆಟ್ಟಿಗೆ ಬಂದದ್ದು ಆಮೇಲೆ. ಮರಳುವಾಗ ನಮ್ಮ ಮನೆಯಲ್ಲಿ ಊಟ ಮಾಡಿ ಹೋಗು. ಅಪ್ಪನ ಕ್ಲಾರಿನೆಟ್ ತೆಗೆದುಕೊಂಡು ಬಾ, ನನ್ನದೂ ಅಟ್ಟದ ಮೇಲಿದೆ, ಇಳಿಸಿ ಇಟ್ಟಿರುತ್ತೇನೆ.